ಏಣಿಯ ಬುಡ

ಮುಳ್ಳೇರಿಯ ಸೆಕ್ಷನ್ ಆಫೀಸಿನ ಹಿಂದೆ
ಹಲಸಿನ ಮರಕ್ಕೆ ಒರಗಿಸಿಟ್ಟ ಬಿದಿರಿನ ಏಣಿ
ಈಗ ಯಾವ ರಿಜಿಸ್ಟರಿನಲ್ಲೂ ಇಲ್ಲ.
ಹಳದಿ ಬಣ್ಣದ ಫೈಬರಿನದ್ದು ಬಂದಿದೆ,
ಹಗುರ, ಮೈಮೇಲೆ ನಂಬರು.

ಬಟ್ಯಪ್ಪ ಓವರ್ಸಿಯರ್ ಏಣಿ ಹಿಡಿಯುತ್ತಿದ್ದದ್ದು
ಎರಡೂ ಕೈಯಲ್ಲಿ, ಕಣ್ಣು ಮುಚ್ಚಿ.
ಮೇಲೆ ನೋಡಿ ಮಾರಾಯ್ರೆ, ಅಂದರೆ
"ಮೇಲೆ ನೋಡಿದ್ರೆ ಅವನ ಚಡ್ಡಿ ಮಾತ್ರ ಕಾಣುದು."
ಬಿದಿರು ಟೊಳ್ಳಲ್ಲವೇ,
ಹತ್ತಿದವನ ಹಿಮ್ಮಡಿ ಗೊಣಗಿದ್ದನ್ನೆಲ್ಲ
ಕೆಳಗಿನ ಅಂಗೈಗೆ ತಂದು ಸುರಿಯುತ್ತಿತ್ತು:
ಇವನು ಬೆಳಿಗ್ಗೆ ಏನೂ ತಿಂದಿಲ್ಲ,
ಇವನು ರಾತ್ರಿ ಮಲಗಿದ್ದು ಎಲ್ಲಿಯೋ,
ಇವನಿಗೆ ಈ ಕಂಬವೇ ಹೆದರಿಕೆ, ಹೋದ ವರ್ಷ ಇಲ್ಲೇ ಅಲ್ಲವೇ—

ಟ್ರಾನ್ಸ್‌ಫಾರ್ಮರಿನಿಂದ ಕಳಚಿದ ಮೂರು ಫ್ಯೂಸು
ಹೆಗಲಿನ ಚೀಲದಲ್ಲಿ.
ಕೆಲಸ ಮುಗಿಯುವ ತನಕ
ಇಡೀ ಕುಂಟಾರಿನ ಕತ್ತಲೆ ಅವರ ಬಗಲಲ್ಲಿ ತೂಗುತ್ತಿತ್ತು.

ಹತ್ತನೆಯ ಕ್ಲಾಸಿನ ಪರೀಕ್ಷೆಗೆ ಮುಂಚಿನ ರಾತ್ರಿ.
ತೆಂಗಿನ ಮಡಲು ಬಿದ್ದು ಲೈನು ಹರಿದಿತ್ತು.
ಫೋನು ಮೂರು ಬಾಯಲ್ಲಿ ಬಯ್ಯುತ್ತಿತ್ತು:
ಕರೆಂಟ್ ಏಪ ಬರ್ಪುಂಡು,
ಕರಂಟ್ ಎಪ್ಪೊ ವರುಂ,
ಎಂತ ಮಾರ್ರೆ, ಮಗಳಿಗೆ ನಾಳೆ ಲೆಕ್ಕ!
ಸಜೀಶ ಮೂರನೆಯ ಮೆಟ್ಟಿಲಲ್ಲಿದ್ದ.
"ಇಳಿ ಒಮ್ಮೆ.
ಇವತ್ತು ನಂಗೆ ಕಿವಿ ಸರಿ ಕೇಳುದಿಲ್ಲ,
ಫೋನು ನೀನು ಹಿಡಿ. ಚೀಲವೂ ನಿನ್ನತ್ರ ಇರಲಿ.
ಮೇಲೆ ಉಮ್ಮರ್ ಹೋಗ್ಲಿ.
ನೀನು ಫ್ಯೂಸು ತೆಗೆದುಕೊಡದೆ
ನಾನು ಹೇಳಿದ್ರೂ ಕರೆಂಟು ಕೊಡ್ಲಿಕ್ಕಿಲ್ಲ."

ಮೀಟರು ಪೆಟ್ಟಿಗೆಯೊಳಗಿನ ಇರುವೆಯೂ ಕೇಳುವ ಕಿವಿ ಅದು.
ನಮಗೆಲ್ಲ ಗೊತ್ತಿತ್ತು.
ಯಾರೂ ನಗಲಿಲ್ಲ.
ಸಜೀಶ ಮುರಕಲ್ಲಿನ ಕಟ್ಟೆಯಲ್ಲಿ ಕೂತು
ಚೀಲವನ್ನು ಮಡಿಲಲ್ಲಿ, ಎರಡು ಕೈಯಲ್ಲಿ,
ಅಡಿಗೆ ಒಂದು ಅಂಗೈ ಕೊಟ್ಟು ಹಿಡಿದಿದ್ದ.
ಯಾಕೆ ಹಾಗೆ ಎಂದು ತಿಳಿದದ್ದು ವಾರ ಕಳೆದು:
ಏಳು ತಿಂಗಳಿಗೇ ಹುಟ್ಟಿದ್ದು
ಮಂಗಳೂರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇತ್ತಂತೆ.
ಅವನು ಯಾರಿಗೂ ಹೇಳಿರಲಿಲ್ಲ. ಬಿದಿರಿಗೆ ಬಿಟ್ಟು.

ಬಟ್ಯಪ್ಪ ರಿಟೈರಾದರು. ಚೀಲ ನನಗೆ ಬಂತು.
ಕಣ್ಣೂರಿಗೆ ಕಳಿಸಿದರು, ಎರಡು ದಿನದ ತರಬೇತಿ.
ಬಿಳಿ ಹಲಗೆಯ ಮೇಲೆ ಒಂದು ದೊಡ್ಡ ಶಬ್ದ ಬರೆದರು,
ನಾವು ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆವು.
ಊಟಕ್ಕೆ ಅಯಕೂರ ಇತ್ತು.

ಸೋಮವಾರ, ಎಲ್ಲರೂ ಚಾ ಕುಡಿಯುವಾಗ, ನಾನು:
ಉಮ್ಮರಿಚ್ಚ, ಮಗಳು ತಿರುಗಿ ಬಂದ ವಿಷಯ ಕೇಳಿದೆ,
ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ,
ಬೇಕಾದರೆ ನಾಲ್ಕು ದಿನ ರಜೆ ಮಾಡಿ.

ಗ್ಲಾಸುಗಳು ನಿಂತವು.
ಅವರು ಹೆಗಲಿನ ತೋರ್ತು ತೆಗೆದು
ನಾಲ್ಕಾಗಿ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.
"ಎಂತ ಕಷ್ಟ, ಸಾರ್?"
ಹದಿನೇಳು ವರ್ಷದಲ್ಲಿ ನನ್ನನ್ನು ಸಾರ್ ಎಂದದ್ದು ಅಂದೇ.
ಆ ವಾರವಿಡೀ ಎಲ್ಲರಿಗಿಂತ ಮೊದಲು ಅವರೇ ಹತ್ತಿದರು.
ನಾನು ಬುಡ ಹಿಡಿದು ಕಣ್ಣು ಮುಚ್ಚಿ ನಿಂತೆ.
ಫೈಬರು ಏನೂ ಹೇಳಲಿಲ್ಲ.
ಅದರ ತಪ್ಪಲ್ಲ.

ಮಳೆಗಾಲಕ್ಕೆ ಮೊದಲು ಮರದ ಗೆಲ್ಲು ಕಡಿಯುವ ಕೆಲಸ, ಆದೂರಿಗೆ ಹೋಗಬೇಕು.
ಮೋರೆ ನೋಡದೆ ಸ್ಕೂಟರಿನ ಕೀ ಚಾಚಿದೆ:
ನನ್ನ ಮೊಣಕಾಲು ಸರಿ ಇಲ್ಲ, ನೀವೇ ಬಿಡಿ.
ಅವರು ನನ್ನ ಒಂದು ಕಾಲು ನೋಡಿದರು.
ಇನ್ನೊಂದನ್ನೂ ನೋಡಿದರು.
ಕೀ ತಕ್ಕೊಂಡರು.

ಚಡಾವು ಮುಗಿಯುವ ತನಕ ಮಾತಿಲ್ಲ.
ಗೇರುಮರಗಳ ತಿರುವಿನಲ್ಲಿ
ಹಿಂದೆ ತಿರುಗದೆ, ಗಾಳಿಗೆ ಹೇಳಿದ ಹಾಗೆ,
"ಆ ಮೊಣಕಾಲಿಗೆ ರಾತ್ರಿ ಸ್ವಲ್ಪ ಎಣ್ಣೆ ತಿಕ್ಕು, ಮಾರಾಯ."