ಸ್ಪ್ಯಾನರ್ ಹಿಡಿಯದ ಒಂಬತ್ತು ದಿನ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನನ್ನದು ಕಾಗದದ ಕೆಲಸ.
ಕೆಳಗೆ ಶೆಡ್ಡಿನಲ್ಲಿ ಎರಕದ ಕೆಂಪು,
ಮೇಲೆ ಗಾಜಿನ ಕೋಣೆಯಲ್ಲಿ ನಾನು
ಹೋಗುವವರ ಹೆಸರು, ಮರಳುವ ದಿನ, ಉದ್ದೇಶ ತುಂಬುತ್ತ.

ಹಾಲೇಶಪ್ಪನವರಿಗೆ ಓದಿ ಹೇಳಿದೆ:
ಇದು ವ್ಯವಹಾರದ ವೀಸಾ, ಕೆಲಸದ್ದಲ್ಲ.
ನೋಡಬಹುದು. ಮಾತಾಡಬಹುದು. ಬೆರಳು ಮಾಡಿ ತೋರಿಸಬಹುದು.
ಊಟಕ್ಕೆ ಕರೆದರೆ ಹೋಗಬಹುದು.
ಕೈ ಹಾಕಿದಿರೋ, ಅದು ಕೆಲಸ.
ಕೆಲಸಕ್ಕೆ ಬೇರೆ ಪರವಾನಗಿ, ಬೇರೆ ಶುಲ್ಕ, ನಾಲ್ಕು ತಿಂಗಳು.
ಅಲ್ಲಿ ಅವರ ಪ್ರೆಸ್ಸು ನಿಂತು ಆಗಲೇ ಮೂರು ವಾರ.

"ಅಲ್ರೀ ಮೇಡಂ, ಮುಟ್ದೆ ಹೆಂಗ್ರೀ ಗೊತ್ತಾಗೋದು?
ನಾಡಿ ಹಿಡೀದೆ ಔಷ್ದ ಕೊಡ್ತಾರಾ ಯಾರಾದ್ರೂ?"
ನಾನು ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ಕೊಟ್ಟೆ.

ಅದಕ್ಕೂ ಮೊದಲು ಬೆರಳಚ್ಚಿನ ಗೋಳು.
ಇಪ್ಪತ್ತಾರು ವರ್ಷ ಮರಳು ತಿಕ್ಕಿದ ಬೆರಳು
ಗಾಜಿನ ಮೇಲಿಟ್ಟರೆ ಯಂತ್ರಕ್ಕೆ ಏನೂ ಕಾಣಲಿಲ್ಲ.
ಒರೆಸಿ ಇಟ್ಟರು, ಒತ್ತಿ ಇಟ್ಟರು, ಬಿಸಿನೀರಲ್ಲಿ ಅದ್ದಿ ಇಟ್ಟರು.
ಸಾವಿರ ಅಚ್ಚು ಮಾಡಿದ ಕೈಯಲ್ಲಿ
ತನ್ನದೇ ಒಂದು ಅಚ್ಚಿಲ್ಲ.
ಮೂರು ರಾತ್ರಿ ಬೆಣ್ಣೆ ಹಚ್ಚಿ ಬನ್ನಿ ಎಂದಳು ಕೌಂಟರಿನ ಹುಡುಗಿ,
ಪುಣ್ಯಕ್ಕೆ, ನಗದೆ.

ನಮ್ಮ ವಾದಿರಾಜ ಸಾಹೇಬರ ಬಳಿ ನಂಬಿಕಸ್ಥ ಪ್ರಯಾಣಿಕರ ಕಾರ್ಡಿದೆ.
ಅದರ ಹದಿನೇಳು ಪುಟವನ್ನೂ ತುಂಬಿದವಳು ನಾನೇ:
ಹತ್ತು ವರ್ಷದ ವಿಳಾಸ, ತೆರಿಗೆ, ಯಾವ ಊರಲ್ಲಿ ಎಷ್ಟು ರಾತ್ರಿ.
ಈಗ ಅವರು ಸಾಲಿನಲ್ಲಿ ನಿಲ್ಲುವುದಿಲ್ಲ.
ಕ್ಯಾಮೆರಾ ಕಡೆ ನೋಡುತ್ತಾರೆ, ಬಾಗಿಲು ತಾನೇ ಸರಿಯುತ್ತದೆ.

ಇಂಥದ್ದು ಹಾಲೇಶಪ್ಪನವರೂ ಕಂಡದ್ದೇ.
ಹುಡುಗನಾಗಿದ್ದಾಗ ಲಾರಿ ಕ್ಲೀನರು; ಹುಲಿಕಲ್ ಘಾಟಿಯ ತನಿಖಾ ಗೇಟು.
ಹಾರನ್ನು ಎರಡು ಸಲ ಗಿಡ್ಡ, ಒಂದು ಸಲ ಉದ್ದ,
ಗೇಟಿನ ಗುತ್ಯಪ್ಪ ಕೂತಲ್ಲಿಂದಲೇ ಹಗ್ಗ ಎಳೆಯುತ್ತಿದ್ದ.
ವರ್ಷಕ್ಕೊಂದು ಕಟ್ಟು ಹಲಸಿನ ಹಪ್ಪಳ, ಅಷ್ಟೇ ಶುಲ್ಕ.
ಸುಳ್ಳು ಯಾಕೆ, ಆ ನಂಬಿಕೆಯ ಅಡಿಯಲ್ಲೇ ಒಮ್ಮೆ
ಬೀಟೆಯ ಎರಡು ದಿಮ್ಮಿಯೂ ಇಳಿದು ಹೋಗಿತ್ತಂತೆ.

ಕಂಪನಿ ಬಸ್ಸಿನಲ್ಲಿ ನಿದಿಗೆ ದಾಟುವವರೆಗೂ
ಬಾಯಿಪಾಠ ಮಾಡಿದರು: ಮೀಟಿಂಗ್, ಮೀಟಿಂಗ್.
ಏನು ಕೆಲಸ ಎಂದು ಕೇಳಿದರೆ
ಕೆಲಸ ಎಂಬ ಮಾತೇ ಬಾಯಿಂದ ಬೀಳಕೂಡದು.

ಆಮೇಲೆ ಹಿಮದ ಊರಲ್ಲಿ ಒಂಬತ್ತು ದಿನ
ಕೈ ಜೇಬಿನಲ್ಲಿ.
ಸ್ಪ್ಯಾನರ್ ಹಿಡಿದವಳು ಅಲ್ಲಿಯವಳು, ಮೊಣಕೈವರೆಗೂ ಹಚ್ಚೆ.
ಇವರು ಸ್ವಲ್ಪ ಎಂದರೆ ಅವಳು ಕಾಲು ಸುತ್ತು,
ಇನ್ನೊಂಚೂರು ಎಂದರೆ ಅದರಲ್ಲೂ ಅರ್ಧ.
ಕೆಟ್ಟ ಬೇರಿಂಗು ಹೇಗೆ ಗೊರಕೆ ಹೊಡೆಯುತ್ತದೆ,
ಒಳ್ಳೆಯದು ಹೇಗೆ ಹೂಂಗುಟ್ಟುತ್ತದೆ,
ಎಲ್ಲ ಗಂಟಲಿನಲ್ಲೇ ಮಾಡಿ ತೋರಿಸಿದರು.
ಗಂಟಲಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ವಾಪಸು ಬಂದು ಕ್ಯಾಂಟೀನಿನಲ್ಲಿ ದನಿ ತಗ್ಗಿಸಿದರು:
"ಕೊನೇ ದಿನ ಮುಟ್ಬಿಟ್ಟೆ ಮೇಡಂ.
ಪ್ರೆಸ್ಸು ಶುರುವಾಯ್ತಲ್ಲ, ಸುಮ್ನೆ ಅದರ ಪಕ್ಕೆಗೆ ಅಂಗೈ ಇಟ್ಟೆ,
ಮಗೀಗೆ ಜ್ವರ ಬಿಡ್ತಾ ನೋಡ್ತೀವಲ್ಲ, ಹಂಗೆ.
ಅದು ಕೆಲಸನಾ?"

ಮೇಲೆ ಹೋಗಿ ನಿಯಮದ ಹಾಳೆ ತಿರುವಿದೆ.
ವರದಿಯಲ್ಲೊಂದು ಖಾನೆ: ಕೈಗೊಂಡ ಚಟುವಟಿಕೆ.
ಆ ಪದದೊಳಗೇ ಕೂತಿದೆ ಕೈ, ಯಾರೂ ತಡೆದಿಲ್ಲ.
ಬಹಳ ಹೊತ್ತು ನೋಡಿ, ಮಾತುಕತೆ, ಎಂದು ಬರೆದೆ.

ಮರುದಿನ ನಮ್ಮದೇ ಗೇಟಿನ ಹಾಜರಿ ಯಂತ್ರ
ಅವರ ಹೆಬ್ಬೆರಳಿಗೆ ಮೂರು ಸಲ ಕೆಂಪಾಯಿತು.
ಜಬೀವುಲ್ಲಾ ಬೀಡಿ ಆರಿಸಿ, ಉದ್ದನೆ ಪುಸ್ತಕ ತೆಗೆದು,
ತಲೆಯೆತ್ತದೆ ಬರೆದುಕೊಂಡ:
ಹಾಲೇಶಪ್ಪ. ಏಳು ಐವತ್ತು. ಒಳಗೆ.