ಇದ್ದದ್ದು ಇರಲಿ

ರಾತ್ರಿ ಒಂದೂ ನಲವತ್ತು. ಶಿವಮೊಗ್ಗದ ತುಂಗೆಯ ದಂಡೆ, ಪಂಪ್‌ಹೌಸು.
ಮೋಟಾರು ಮಲಗಿದೆ, ನಾನು ಮಲಗಿಲ್ಲ.
ಅಪ್‌ಗ್ರೇಡು ಅರವತ್ತೆರಡು ಪರ್ಸೆಂಟಿಗೆ ಬಂದು
ಗಕ್ಕನೆ ನಿಂತು ಕೇಳುತ್ತಿದೆ:
ಈ ಫೈಲನ್ನು ಯಾರೋ ಕೈಯಾರೆ ತಿದ್ದಿದ್ದಾರೆ.
ನಮ್ಮ ಹೊಸದನ್ನು ಹಾಕಲೆ? ನಿಮ್ಮದೇ ಇರಲೆ?

ಯಾರೋ ಅಂದರೆ ಇನಾಸ್.
ಹದಿನಾಲ್ಕು ವರ್ಷ ಇದೇ ಕುರ್ಚಿಯಲ್ಲಿ ಕೂತು
ವಾಲ್ವುಗಳ ವೇಳೆ ಬರೆದವರು.
ಮೊನ್ನೆ ಹಲ್ಲು ಕಟ್ಟಿಸಿಕೊಂಡು
ಫೋನಿನಲ್ಲಿ ಸಕಾರವೇ ಹೊರಡದವರು.

ನಡುವೆ ಒಮ್ಮೆ ಗುತ್ತಿಗೆಯ ಹುಡುಗನೊಬ್ಬ ಬಂದಿದ್ದ.
ಒಂದು ಕೈಯಲ್ಲಿ ಬೋಂಡ, ಇನ್ನೊಂದು ಕೀಬೋರ್ಡಿನ ಮೇಲೆ,
ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂದ.
ಆಯಿತಲ್ಲ ಆಮೇಲೆ,
ಸೀಗೆಹಟ್ಟಿಯ ನಲ್ಲಿಗಳಲ್ಲಿ ಮೂರು ದಿನ ಬರೀ ಗಾಳಿ.
ವಿನೋಬನಗರಕ್ಕೆ ನಡುರಾತ್ರಿ ಬಂದ ನೀರು
ರಸ್ತೆಗಿಳಿದು ಹರಿದದ್ದನ್ನು ನಾಯಿಗಳು ಮಾತ್ರ ಕಂಡವು.
ಖಾಲಿ ಕೊಡಗಳು ಗೇಟಿನ ಮುಂದೆ ಬಂದು ಕೂತವು.
ಇನಾಸ್, ವಾಲ್ವ್‌ಮನ್ ಹಾಲೇಶಿಯ ಚೀಟಿಪುಸ್ತಕ ತರಿಸಿ
ಒಂದೊಂದೇ ಸಾಲು ನೆನೆದು ನೆನೆದು ಮತ್ತೆ ಬರೆದರಂತೆ.

ನಾನು ಹೂಂ ಅನ್ನುವುದಿಲ್ಲ.
ಉಹೂಂ ಅಂತಲೂ ಇನ್ನೂ ಅಂದಿಲ್ಲ.
ಮೂರನೆಯದೊಂದು ದಾರಿಯಿದೆ, ವ್ಯತ್ಯಾಸ ತೋರಿಸು ಅನ್ನುವುದು.
ಒತ್ತಿದೆ.

ಹೊಸದು ಎಷ್ಟು ಚೊಕ್ಕ!
ಎಲ್ಲ ವಾರ್ಡಿಗೂ ಆರಕ್ಕೆ ಶುರು, ಏಳಕ್ಕೆ ಬಂದ್.
ಬರೆದವರು ಈ ಊರು ನೋಡಿದವರಲ್ಲ, ತಪ್ಪೇನಿಲ್ಲ,
ಯಾರ ಮೈಗಾದರೂ ಆಗಲಿ ಎಂದು ಹೊಲಿದ ಅಂಗಿ ಅದು.

ಹಳೆಯದರ ಸಾಲುಗಳು
ಹಣೆಯ ಮೇಲೆ ಕಳೆಯುವ ಗುರುತು ಹೊತ್ತು ನಿಂತಿವೆ.
ಪ್ರತಿ ಸಾಲಿನ ಬಾಲಕ್ಕೊಂದು ಹ್ಯಾಶು,
ಅದರಾಚೆಗೆ ಯಂತ್ರ ಓದದ ಮಾತು:

− ಮೀನು ಮಾರ್ಕೆಟ್ಟಿಗೆ ಮೂರೂವರೆಗೆ. ಭಟ್ಕಳದ ಲಾರಿ ಬರುವ ಮುಂಚೆ.
− ಗೋಪಾಳದ ಕಡೆ ಒತ್ತಡ ಜಾಸ್ತಿ ಬೇಡ, ಪೈಪಿಗೆ ವಯಸ್ಸಾಗಿದೆ.
− ಹೆರಿಗೆ ಆಸ್ಪತ್ರೆಗೆ ಬಂದ್ ಇಲ್ಲ. ಮಕ್ಕಳು ಟೈಮ್‌ಟೇಬಲ್ ನೋಡಿ ಹುಟ್ಟಲ್ಲ.
− ಟ್ಯಾಂಕ್ ಮೊಹಲ್ಲಾ, ಶುಕ್ರವಾರ ಅರ್ಧ ಗಂಟೆ ಹೆಚ್ಚು.
− ಏಳನೇ ವಾಲ್ವು ಹನ್ನೊಂದು ಸೆಕೆಂಡು ತಡ. ಯಾಕೆ ಅಂತ ಗೊತ್ತಿಲ್ಲ, ಮುಟ್ಟಬೇಡಿ.

ಶುಕ್ರವಾರದ ಸಾಲಿನ ಮೇಲೆ ಬೆರಳು ನಿಂತಿತು.
ನಮ್ಮ ಬೀದಿ ಅದು.
ಮಸೀದಿಯ ಹೌಜು ತುಂಬಿ ಉಳಿದ ಹತ್ತು ನಿಮಿಷಕ್ಕೆ
ಅಮ್ಮಿ ಬಿಂದಿಗೆ ಹಿಡಿದು ಓಡುತ್ತಿದ್ದಳು,
ಅವಳ ಹಿಂದೆ ಚೊಂಬು ಹಿಡಿದು ನಾನು.
ದೇವರು ಕೊಟ್ಟದ್ದು ಅಂದುಕೊಂಡಿದ್ದೆ,
ಇನಾಸ್ ಬರೆದದ್ದು ಅಂತ ಇವತ್ತು ಗೊತ್ತಾಯಿತು.
ಈ ಎರಡರ ವ್ಯತ್ಯಾಸ ತೋರಿಸುವ ಕೀಲಿ ಮಾತ್ರ
ಈ ಬೋರ್ಡಿನಲ್ಲಿ ಇಲ್ಲ.

ಹಾಗಂತ ಹೊಸದನ್ನು ಪೂರಾ ತಳ್ಳಿಹಾಕಲಾರೆ.
ಅದರ ನಲವತ್ತನೆಯ ಸಾಲು ನೋಡಿ:
ತೊಟ್ಟಿ ತುಂಬಿದರೆ ಪಂಪು ತಾನೇ ನಿಲ್ಲಲಿ.
ಇನಾಸರಿಗೆ ಇದು ಬೇಕಿರಲಿಲ್ಲ,
ನೀರಿನ ಸದ್ದು ಏರುವುದನ್ನು ಕೇಳಿಯೇ ನಿಲ್ಲಿಸುತ್ತಿದ್ದರು.
ನನಗೆ ಆ ಕಿವಿ ಇಲ್ಲ.

ಕೊನೆಗೆ ಯಾವ ಅಕ್ಷರವನ್ನೂ ಒತ್ತಲಿಲ್ಲ. ಬರೀ ಎಂಟರ್.
ಏನೂ ಹೇಳದಿದ್ದರೆ ಇದ್ದದ್ದೇ ಇರಲಿ ಎಂದು
ಎಲ್ಲೋ ಕೂತ ಯಾರೋ ಮೊದಲೇ ಬರೆದಿಟ್ಟಿದ್ದಾರೆ.
ನಿದ್ದೆಗಣ್ಣಿನ ಕೈಗಳನ್ನೂ ನೆನೆದ ಆ ಪುಣ್ಯಾತ್ಮನ
ಹೆಸರು ಗೊತ್ತಿಲ್ಲ.

ಹೊಸದು ಹೆಸರಿಗೊಂದು ಬಾಲ ಅಂಟಿಸಿಕೊಂಡು
ಪಕ್ಕದಲ್ಲೇ ಕೂತಿದೆ, ಮುನಿಸಿಲ್ಲ.
ಅದರ ನಲವತ್ತನೆಯ ಸಾಲನ್ನು ಎತ್ತಿ ತಂದು
ಇನಾಸರ ಸಾಲುಗಳ ಕೆಳಗೆ ಕೂರಿಸಿ, ಹ್ಯಾಶು ಹಾಕಿ ಬರೆದೆ:
ಇದು ನಾನು ಸೇರಿಸಿದ್ದು. ಬೇಡವಾದರೆ ತೆಗೆಯಿರಿ.
ಏಳನೇ ವಾಲ್ವು ಮುಟ್ಟಬೇಡಿ, ಯಾಕೆ ಅಂತ ನನಗೂ ಗೊತ್ತಿಲ್ಲ.
ತಬಸ್ಸುಮ್.

ಮೂರೂ ಇಪ್ಪತ್ತೊಂಬತ್ತು.
ಆಮೇಲೆ ಗೋಡೆಯೊಳಗೆ ಏನೋ ಕೆಮ್ಮಿತು.
ಮೀನು ಮಾರ್ಕೆಟ್ಟಿನ ಪೈಪು
ಗಂಟಲು ಸರಿಮಾಡಿಕೊಳ್ಳುತ್ತಿದೆ.