ದೃಶ್ಯ ನಲವತ್ತೊಂದು

ಶಾರ್ಜಾದ ರೋಲಾದಲ್ಲಿ, ಟೈಪಿಂಗ್ ಸೆಂಟರಿನ ಮೂಲೆಯಲ್ಲಿ
ಹಗಲೆಲ್ಲ ಊರೂರಿನವರ ಹೆಸರು ಕುಟ್ಟುತ್ತೇನೆ.
ವೀಸಾ, ಬಾಡಿಗೆ ಕರಾರು, ಕಳೆದುಹೋದ ಪಾಸ್‌ಪೋರ್ಟು,
ಒಂದು ಫಾರ್ಮಿಗೆ ಹದಿನೈದು ದಿರ್ಹಮ್.
ಬೆರಳು ಎಲ್ಲೂ ತಡವರಿಸುವುದಿಲ್ಲ.

ರಾತ್ರಿ ಮಾತ್ರ, ಆರು ಮಂಚದ ಕೋಣೆಯಲ್ಲಿ,
ಮೇಲಿನ ಮಂಚದವನ ಕಾಲು ಹಣೆಯೆದುರು ತೂಗುತ್ತಿರುವಾಗ
ಲ್ಯಾಪ್‌ಟಾಪ್ ತೆರೆದು ಬರೆಯುತ್ತೇನೆ:
ದೃಶ್ಯ ನಲವತ್ತೊಂದು. ಒಳಾಂಗಣ. ಶವಾಗಾರ. ರಾತ್ರಿ.
ಮುಂದೆ ಆ ಸಣ್ಣ ಗೆರೆ
ಮಿಣುಕುತ್ತದೆ, ಮಿಣುಕುತ್ತದೆ,
ಸಾಲ ವಸೂಲಿಗೆ ಬಂದವನು ಬಾಗಿಲಲ್ಲಿ ನಿಂತ ಹಾಗೆ.

ನಿರ್ಮಾಪಕರು ಜಯಕರ ಕಾಜವ.
ಅಜ್ಮಾನಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜು,
ಹನ್ನೊಂದು ಫ್ರೀಜರ್ ಲಾರಿ.
"ಸತ್ತವನ ಕತೆ ಇರ್ಲಿ ಮಾರಾಯ, ಆದ್ರೆ ಜನ ನಗಬೇಕು.
ಹೆಣಕ್ಕೆ ಲಾರಿ ನಾನೇ ಕೊಡ್ತೇನೆ, ಬಾಡಿಗೆ ಉಳೀತು."
ಮುಂಗಡ ಎರಡು ಸಾವಿರ. ಅದು ಹಲ್ಲಿನ ಡಾಕ್ಟರಿಗೆ ಹೋಯಿತು.
ಈಗ ನಗುವುದಕ್ಕೆ ಹಲ್ಲುಂಟು, ನಗೆ ಇಲ್ಲ.

ಕತೆ ಇಷ್ಟು: ಒಬ್ಬ ಅಡುಗೆಯವ ಸಾಯುತ್ತಾನೆ,
ಹೆಣ ಊರಿಗೆ ಹೋಗಬೇಕು, ಹೋಗುವುದಿಲ್ಲ.
ಯಾಕೆ ಹೋಗುವುದಿಲ್ಲ?
ಅದೇ ನನಗೆ ಗೊತ್ತಿಲ್ಲ. ಏಳು ತಿಂಗಳಿಂದ
ಅವನನ್ನು ಡ್ರಾಯರಿನಲ್ಲಿ ಮಲಗಿಸಿಟ್ಟಿದ್ದೇನೆ.
ಒಮ್ಮೊಮ್ಮೆ ನಡುರಾತ್ರಿ ಎದ್ದು ಕೂತು ಕೇಳುತ್ತಾನೆ:
ಸ್ವಾಮೀ, ಬರೆಯುವುದಾದರೆ ಬರೆಯಿರಿ,
ಇಲ್ಲಿ ಚಳಿ.

ಏನೆಲ್ಲ ಮಾಡಿದೆ. ಖೋರ್ ದಂಡೆಯಲ್ಲಿ ನಡೆದೆ,
ಕನ್ನಡಕ ಆವಿಗಟ್ಟಿ ದೋಣಿಗಳೆಲ್ಲ ಅಳಿಸಿಹೋದವು.
ಕರಕ್ ಚಹಾ ಬಿಟ್ಟೆ, ಮರುದಿನ ಹಿಡಿದೆ.
ಹೊಸ ಫಾಂಟು ಹಾಕಿದೆ.
ಅಡುಗೆಯವನ ಹೆಸರನ್ನು ನಾಲ್ಕು ಸಲ ಬದಲಿಸಿದೆ.

ಆಗಸ್ಟಿನ ಒಂದು ಮಂಗಳವಾರ
ಹಂಝ ಎಂಬವನು ಬಂದ, ಕೈಯಲ್ಲಿ ತರಕಾರಿ ಚೀಲ,
ಚೀಲದೊಳಗೆ ರೂಮಿನವನ ಕಾಗದಪತ್ರ.
"ಸತ್ತು ಒಂಬತ್ತು ದಿನ ಆಯ್ತು. ಬಿಡುದಿಲ್ಲ ಅವರು."
ಪಾಸ್‌ಪೋರ್ಟಿನಲ್ಲಿ ಇಗ್ನೇಶಿಯಸ್ ಲೋಬೊ.
ಲೇಬರ್ ಕಾರ್ಡಿನಲ್ಲಿ ಇನಾಸ್ ಲೋಬ.
ಆಸ್ಪತ್ರೆಯವರು ಅರಬಿಗೆ ಹಾಕಿ ಮತ್ತೆ ತಿರುಗಿಸಿ ತೆಗೆದದ್ದು
ಅಗ್ನಾತಿಯೂಸ್ ಲೂಬು.
ಸತ್ತದ್ದು ಒಬ್ಬ, ಕಾಗದದಲ್ಲಿ ಮೂರು ಜನ.
ಕೌಂಟರಿನವನು ಹೇಳಿದನಂತೆ:
ಹೆಸರು ತಿದ್ದಬೇಕಾದರೆ
ಅರ್ಜಿದಾರ ಖುದ್ದು ಹಾಜರಾಗಬೇಕು.

ಹಂಝ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ,
ಮೇಜು ಹಿಡಿದುಕೊಂಡು, ಕಣ್ಣೊರಸಿಕೊಂಡು ನಕ್ಕ.
ನಾನೂ ನಕ್ಕೆ. ಜೆರಾಕ್ಸಿನ ಹುಡುಗ ನಕ್ಕ.
ಸಾಲಿನಲ್ಲಿದ್ದ ಪೇಶಾವರದ ಮುದುಕ ಭಾಷೆ ತಿಳಿಯದೆಯೂ ನಕ್ಕ.
ಆ ನಗೆಯ ನಡುವೆಯೇ ನನ್ನ ನಾಚಿಕೆಗೆಟ್ಟ ಕೈ
ಹಳೇ ರಸೀದಿಯ ಬೆನ್ನಿಗೆ ಬರೆದುಕೊಂಡಿತು:
ನಲವತ್ತೊಂದು. ಖುದ್ದು ಹಾಜರು.

ಅರ್ಜಿ ಟೈಪು ಮಾಡಿಕೊಟ್ಟೆ. ಹಣ ಬೇಡವೆಂದೆ.
ಹಂಝ ಹದಿನೈದು ದಿರ್ಹಮ್ ಎಣಿಸಿ ಇಟ್ಟ:
"ಅವ ಯಾರದ್ದೂ ಬಾಕಿ ಇಡುವವ ಅಲ್ಲ."

ರಾತ್ರಿ ಬರೆದೆ, ಒಂದೇ ಉಸಿರಿಗೆ, ಬೆಳಗಿನ ಬಾಂಗಿನ ತನಕ.
ಕಾಜವರು ಕಡ್ಡಿಯಿಂದ ಹಲ್ಲು ಕೆದಕುತ್ತ ಓದಿದರು.
"ಲಾಯ್ಕುಂಟು. ಆದ್ರೆ ಈ ಸೀನು ಯಾರೂ ನಂಬ್ಲಿಕ್ಕಿಲ್ಲ.
ಹೀಗೆಲ್ಲ ಎಲ್ಲಿಯಾದ್ರೂ ಆಗ್ತದಾ? ಬೇರೆ ಬರಿ."

ಅಡುಗೆಯವ ಮತ್ತೆ ಡ್ರಾಯರಿನಲ್ಲಿ.

ಲೋಬೊ ಹದಿನೇಳನೆಯ ದಿನ ಹೋದ,
ಕಾರ್ಗೋದಲ್ಲಿ, ನಾಲ್ಕನೆಯ ಒಂದು ಹೆಸರಿನಲ್ಲಿ.
ರಸೀದಿ ತೋರಿಸಲು ಬಂದಿದ್ದ ಹಂಝ,
ಅವನಿಗೆ ಓದಲು ಬರುವುದಿಲ್ಲ.
ಅರ್ಜಿಯಲ್ಲಿ ಒಂದಕ್ಷರ ತಪ್ಪಿತ್ತು.
ನಗುತ್ತಿದ್ದೆನಲ್ಲ, ಅಲ್ಲಿಯೇ ಬೆರಳು ಜಾರಿದ್ದು.
ಮೂರು ಕಚೇರಿಯ ಮೊಹರು ಅದರ ಮೇಲೆಯೇ ಬಿದ್ದಿತ್ತು.

ಶಿರ್ವದ ಇಗರ್ಜಿಯಲ್ಲಿ
ಪಾದ್ರಿಗಳು ಅವನನ್ನು ಏನೆಂದು ಕರೆದರೋ.